9 ದಿನದ ಎಲ್ಕ್ ಬೇಟೆ, 10 ತಿಂಗಳ ತಯಾರಿ

ಜನವರಿಯಲ್ಲಿ ಶುರು ಮಾಡಿದ ಕೆಲಸ ಈ ನವೆಂಬರ್‌ನಲ್ಲಿ ಮುಗಿಯಿತು. ಕಾಲಿನ ಹೆಬ್ಬೆರಳ ಉಗುರು ಇನ್ನೂ ಕಪ್ಪಾಗಿಯೇ ಇದೆ. ಭುಜದ ಮೇಲೆ ಬ್ಯಾಗಿನ ಪಟ್ಟಿ ಒತ್ತಿದ ಗುರುತು ಮಾಸಿಲ್ಲ. ಎಲ್ಲ ಮರೆತುಹೋಗುವ ಮೊದಲು ಬರೆದಿಡೋಣ ಅಂತ ಕೂತಿದ್ದೇನೆ. ಈ ಹತ್ತು ತಿಂಗಳಲ್ಲಿ ನಾನು ಹುಡುಕಿದ ಎಷ್ಟೋ ಪ್ರಶ್ನೆಗಳಿಗೆ ಕನ್ನಡದಲ್ಲಿ ಒಂದು ಸಾಲೂ ಸಿಗಲಿಲ್ಲ. ಅದರಲ್ಲೂ ವೀಸಾದ ಮೇಲೆ ಇಲ್ಲಿರುವವರಿಗೆ ಬೇಟೆ ಸಾಧ್ಯವೇ ಅನ್ನುವ ಪ್ರಶ್ನೆಗೆ ಸಿಕ್ಕಿದ್ದೆಲ್ಲ ಅರ್ಧಂಬರ್ಧ ಉತ್ತರ.

ನಾನು ಕೊಲೊರಾಡೊಗೆ ಬಂದು ನಾಲ್ಕು ವರ್ಷ ಆಯಿತು. ಎಚ್-1ಬಿ ವೀಸಾದಲ್ಲಿದ್ದೇನೆ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ಹಾಗಾಗಿ ಬಂದೂಕು ಮುಟ್ಟಿದವನೇ ಅಲ್ಲ ನಾನು. ಇಲ್ಲಿ ಪಕ್ಕದ ಮನೆಯ ಹಿರಿಯರು ಮೂವತ್ತು ವರ್ಷದಿಂದ ಪ್ರತಿ ಶರತ್ಕಾಲ ಬೆಟ್ಟಕ್ಕೆ ಹೋಗುತ್ತಾರೆ. ಅವರ ಮನೆಯಲ್ಲಿ ವರ್ಷವಿಡೀ ಅಂಗಡಿಯಿಂದ ಮಾಂಸ ತರುವುದೇ ಇಲ್ಲ. ತಿನ್ನುವ ಮಾಂಸ ಎಲ್ಲಿಂದ ಬಂತು, ಹೇಗೆ ಬಂತು ಅಂತ ಪೂರ್ತಿ ಗೊತ್ತಿರುವ ಜನ ಅವರು. ನನಗೂ ಹಾಗೆ ಬದುಕಬೇಕು ಅನ್ನಿಸಿತು. ಆಸೆ ಹೇಳಿಕೊಂಡಾಗ ಅವರು ಒಂದೇ ಪ್ರಶ್ನೆ ಕೇಳಿದರು. ಹೊಡೆದ ಮೇಲೆ ಅಷ್ಟು ದೊಡ್ಡ ಪ್ರಾಣಿಯನ್ನು ಬೆಟ್ಟದಿಂದ ಕೆಳಗೆ ಹೇಗೆ ತರುತ್ತೀಯ? ಅಂದು ನನ್ನ ಹತ್ತಿರ ಉತ್ತರ ಇರಲಿಲ್ಲ. ಇಡೀ ವರ್ಷದ ತಯಾರಿ ಕೊನೆಗೆ ಈ ಪ್ರಶ್ನೆಯ ಸುತ್ತಲೇ ತಿರುಗಿತು.

ಎಲ್ಕ್ ಅಂದರೆ ಜಿಂಕೆಯ ಕುಲದ ಭಾರೀ ಪ್ರಾಣಿ. ಬೆಳೆದ ಗಂಡು 700 ಪೌಂಡ್ ತೂಗುತ್ತದೆ. ಕೊಲೊರಾಡೊದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಎಲ್ಕ್ ಇವೆ. ಉತ್ತರ ಅಮೆರಿಕದ ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಆದರೆ ನೂರು ವರ್ಷದ ಹಿಂದೆ, ಮಿತಿಯಿಲ್ಲದೆ ಕೊಂದು ಕೊಂದು, ಇಲ್ಲೂ ಬೆರಳೆಣಿಕೆಯ ಹಿಂಡುಗಳಷ್ಟೇ ಉಳಿದಿದ್ದವು. ಆಮೇಲೆ ವಯೋಮಿಂಗ್‌ನಿಂದ ಎಲ್ಕ್‌ಗಳನ್ನು ತಂದು ಬಿಟ್ಟು ಬೆಳೆಸಿದರು. ಇವತ್ತಿನ ಬೇಟೆಯಲ್ಲಿ ಇಷ್ಟೊಂದು ನಿಯಮ ಯಾಕೆ ಅಂತ ಕೇಳುವವರು ಈ ಕಥೆ ತಿಳಿದಿರಬೇಕು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ರೈಫಲ್ ಮತ್ತು ಗುಂಡುಗಳ ಮೇಲೆ 11 ಶೇಕಡಾ ತೆರಿಗೆ ಇದೆ. ಆ ಹಣ ಮುಖ್ಯವಾಗಿ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ.

ಮೊದಲ ಮೆಟ್ಟಿಲು ಹಂಟರ್ ಎಜುಕೇಷನ್. 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರಿಗೆ ಸಾಮಾನ್ಯವಾಗಿ ಈ ಪ್ರಮಾಣಪತ್ರ ಇಲ್ಲದೆ ಲೈಸೆನ್ಸ್ ಸಿಗುವುದಿಲ್ಲ. ನಾನು ಆನ್‌ಲೈನ್‌ನಲ್ಲಿ ಓದಿ, ಆಮೇಲೆ ಒಂದು ಶನಿವಾರ ತರಗತಿಗೆ ಹೋದೆ. ಅಲ್ಲಿ ಹತ್ತು ವರ್ಷದ ಮಕ್ಕಳೂ ಇದ್ದರು, ಅರವತ್ತರ ಅಜ್ಜಿಯೂ ಇದ್ದರು. ಗುಂಡು ಹಾರದ ತರಬೇತಿ ಬಂದೂಕು ಕೊಟ್ಟು ಬೇಲಿ ದಾಟುವುದು ಹೇಗೆ, ಇನ್ನೊಬ್ಬರ ಕೈಗೆ ಕೊಡುವುದು ಹೇಗೆ ಅಂತ ಮಾಡಿಸಿದರು. ಹೊಡೆಯಬಾರದ ಸಂದರ್ಭಗಳ ಬಗ್ಗೆ ಅರ್ಧ ದಿನ ಪಾಠ ಇತ್ತು. ಪ್ರಾಣಿಯ ಹಿಂದೆ ದಿಗಂತ ಕಾಣುತ್ತಿದ್ದರೆ ಹೊಡೆಯಬೇಡ, ಹಿಂಡಿನ ಮಧ್ಯೆ ಇದ್ದರೆ ಹೊಡೆಯಬೇಡ, ಖಚಿತವಿಲ್ಲದಿದ್ದರೆ ಹೊಡೆಯಲೇಬೇಡ. ಒಂದು ಮಾತು: ಈ ತರಗತಿಗಳು ಚಳಿಗಾಲದಲ್ಲೂ ಬೇಗ ತುಂಬುತ್ತವೆ. ಆಗಸ್ಟ್ ಹೊತ್ತಿಗೆ ಹುಡುಕಿದರೆ ಜಾಗ ಸಿಗುವುದು ಕಷ್ಟ.

ಫೆಬ್ರವರಿಯಲ್ಲಿ ಪಕ್ಕದ ಮನೆಯವರು, ಬಾ, ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜ್‌ಗೆ ಹೋಗಿ ನನ್ನ ರೈಫಲ್‌ನಲ್ಲಿ ಹೊಡೆದು ನೋಡು ಅಂದರು. ಹೋಗಲು ಸಿದ್ಧನಾಗಿದ್ದೆ. ಹಿಂದಿನ ರಾತ್ರಿ ಸುಮ್ನೆ ಒಮ್ಮೆ ಓದೋಣ ಅಂತ ಕೂತವನಿಗೆ ಎದೆ ಧಸಕ್ಕೆಂದಿತು. ಅಮೆರಿಕದ ಫೆಡರಲ್ ಕಾನೂನಿನ 922ನೇ ಸೆಕ್ಷನ್ ಪ್ರಕಾರ ಎಚ್-1ಬಿಯಂಥ ನಾನ್‌ಇಮಿಗ್ರಂಟ್, ಅಂದರೆ ತಾತ್ಕಾಲಿಕ, ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವಂತೆಯೇ ಇಲ್ಲ. ಖರೀದಿ ಮಾತ್ರ ಅಲ್ಲ, ಕೈಯಲ್ಲಿ ಹಿಡಿಯುವುದೂ ಅದರಲ್ಲಿ ಬರುತ್ತದೆ. ಕೆಲವು ವಿನಾಯಿತಿಗಳಿವೆ. ಅವುಗಳಲ್ಲಿ ನಮಗೆ ಮುಖ್ಯವಾದದ್ದು ಒಂದು: ಅಮೆರಿಕದಲ್ಲಿ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ನಿಮ್ಮ ಹತ್ತಿರ ಇರಬೇಕು. ಮರುದಿನ ರೇಂಜ್‌ಗೆ ಹೋಗಲಿಲ್ಲ. ಇಮಿಗ್ರೇಷನ್ ವಕೀಲರಿಗೆ ಫೋನ್ ಮಾಡಿದೆ. ಅವರೂ ಅದನ್ನೇ ಹೇಳಿದರು: ಲೈಸೆನ್ಸ್ ಕೈಗೆ ಬರುವ ತನಕ ಯಾರ ಬಂದೂಕನ್ನೂ ಮುಟ್ಟಬೇಡಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ನಮ್ಮಂಥವರು ಮಾತ್ರ ಈ ಕ್ರಮವನ್ನು ಹಿಂದುಮುಂದು ಮಾಡಲೇಬಾರದು. ಇಷ್ಟು ವರ್ಷ ಕಟ್ಟಿಕೊಂಡ ಬದುಕು ಒಂದು ಮಧ್ಯಾಹ್ನದ ಅಭ್ಯಾಸಕ್ಕೆ ಕೈತಪ್ಪಬಹುದಿತ್ತು ಅಂತ ನೆನೆದರೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಮಾರ್ಚ್‌ನಲ್ಲಿ ಲೈಸೆನ್ಸ್. ಕೊಲೊರಾಡೊ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಗೆ ಇಲ್ಲಿ ಎಲ್ಲರೂ ಸಿಪಿಡಬ್ಲ್ಯು ಅನ್ನುತ್ತಾರೆ. ಎಲ್ಕ್ ಲೈಸೆನ್ಸ್ ಹಂಚುವ ಲಾಟರಿಗೆ, ಅಂದರೆ ಡ್ರಾಗೆ, ಅರ್ಜಿ ಹಾಕುವ ಮೊದಲು ಒಂದು ಅರ್ಹತಾ ಲೈಸೆನ್ಸ್ ಕೊಳ್ಳಬೇಕು. ನಾನು ಮೊಲ, ಗ್ರೌಸ್ ಹಕ್ಕಿಯಂಥ ಸಣ್ಣ ಬೇಟೆಗೆ ಕೊಡುವ ಸ್ಮಾಲ್ ಗೇಮ್ ಲೈಸೆನ್ಸ್ ಕೊಂಡೆ. ಜೊತೆಗೆ ಹ್ಯಾಬಿಟಾಟ್ ಸ್ಟ್ಯಾಂಪ್, ಅಂದರೆ ಪ್ರಾಣಿಗಳ ನೆಲೆ ಕಾಪಾಡಲು ಕಟ್ಟುವ ಶುಲ್ಕ, ಕಡ್ಡಾಯ. ಆರು ತಿಂಗಳಿಂದ ಬಿಡದೆ ಇಲ್ಲಿ ವಾಸವಿದ್ದರೆ ನೀವು ರೆಸಿಡೆಂಟ್. ಆಗ ಅರ್ಜಿ ಶುಲ್ಕ, ಎಲ್ಕ್ ಲೈಸೆನ್ಸ್ ಎಲ್ಲ ಸೇರಿ ಖರ್ಚು 120 ಡಾಲರ್ ಆಸುಪಾಸು. ಹೊರ ರಾಜ್ಯದವರಿಗೆ ಗಂಡು ಎಲ್ಕ್ ಲೈಸೆನ್ಸ್ ಒಂದಕ್ಕೇ ಏಳೆಂಟು ನೂರು ಡಾಲರ್ ಬೀಳುತ್ತದೆ. ನನಗಂತೂ ಆ ಸ್ಮಾಲ್ ಗೇಮ್ ಲೈಸೆನ್ಸ್ ಎರಡು ಕೆಲಸ ಮಾಡಿತು. ಡ್ರಾಗೆ ದಾರಿ ತೆರೆಯಿತು, ಬಂದೂಕು ಮುಟ್ಟುವ ಹಕ್ಕನ್ನೂ ಕೊಟ್ಟಿತು.

ಇನ್ನೊಂದು ವಿಷಯ ನೆನಪಿಡಿ. ಈ ವಾರ್ಷಿಕ ಲೈಸೆನ್ಸ್ ಮಾರ್ಚ್ 31ಕ್ಕೆ ಮುಗಿಯುತ್ತದೆ. ರೈಫಲ್ ಮನೆಯಲ್ಲಿದ್ದು ಲೈಸೆನ್ಸ್ ಮುಗಿದರೆ ಏಪ್ರಿಲ್ 1ರ ಬೆಳಗ್ಗೆ ನೀವು ಕಾನೂನಿನ ತಪ್ಪು ಬದಿಯಲ್ಲಿರುತ್ತೀರಿ. ಹೊಸದು ಮಾರ್ಚ್ ಮೊದಲ ದಿನದಿಂದಲೇ ಸಿಗುತ್ತದೆ. ಫೋನ್‌ನಲ್ಲಿ ಈಗಲೇ ಅಲಾರಂ ಇಡಿ.

ಅರ್ಜಿಗೆ ಕೊನೆ ದಿನ ಏಪ್ರಿಲ್ ಮೊದಲ ವಾರ. ಅರ್ಜಿ ತುಂಬುವುದು ಹತ್ತು ನಿಮಿಷದ ಕೆಲಸ. ಯಾವ ಯೂನಿಟ್ ಅಂತ ತೀರ್ಮಾನಿಸಲು ನನಗೆ ಐದು ವಾರ ಬೇಕಾಯಿತು. ಇಡೀ ರಾಜ್ಯವನ್ನು ಬೇಟೆಯ ಲೆಕ್ಕಕ್ಕೆ ಯೂನಿಟ್‌ಗಳಾಗಿ ಹಂಚಿದ್ದಾರೆ. ಒಳ್ಳೆಯ ಯೂನಿಟ್‌ಗೆ ಪ್ರಿಫರೆನ್ಸ್ ಪಾಯಿಂಟ್ ಬೇಕು. ಮೊದಲ ಆಯ್ಕೆ ಸಿಗದಿದ್ದರೆ ವರ್ಷಕ್ಕೊಂದು ಪಾಯಿಂಟ್ ಸೇರುತ್ತದೆ. ಕೆಲವು ಯೂನಿಟ್‌ಗಳಿಗೆ ಜನ ಇಪ್ಪತ್ತು ವರ್ಷ ಕಾಯುತ್ತಾರೆ. ಸಿಪಿಡಬ್ಲ್ಯು ಪ್ರತಿ ವರ್ಷ ಡ್ರಾ ಲೆಕ್ಕ, ಬೇಟೆಯ ಲೆಕ್ಕ ಎರಡನ್ನೂ ಪ್ರಕಟಿಸುತ್ತದೆ. ಅದನ್ನು ಓದದೆ ಅರ್ಜಿ ಹಾಕಬೇಡಿ. ನನ್ನ ಮೊದಲ ಆಯ್ಕೆ ವಾಯವ್ಯ ಕೊಲೊರಾಡೊದ ಒಂದು ಯೂನಿಟ್ ಆಗಿತ್ತು. 2022-23ರ ಚಳಿಗಾಲದಲ್ಲಿ ಆ ಭಾಗದಲ್ಲಿ ವಿಪರೀತ ಹಿಮ ಬಿದ್ದು ಎಷ್ಟೋ ಎಲ್ಕ್, ಜಿಂಕೆಗಳು ಸತ್ತವು. ಆಮೇಲೆ ಲೈಸೆನ್ಸ್ ಸಂಖ್ಯೆಯನ್ನೂ ಕಡಿಮೆ ಮಾಡಿದ್ದರು. ಅದು ಗೊತ್ತಿದ್ದೂ ಆಸೆಪಟ್ಟು ಹಾಕಿದೆ. ಜೂನ್ ಮೊದಲ ವಾರ ಇಮೇಲ್ ಬಂತು. ಸಿಕ್ಕಿರಲಿಲ್ಲ. ಒಂದು ಪಾಯಿಂಟ್ ಮಾತ್ರ ಸೇರಿತ್ತು.

ಆ ದಿನ ನಿಜಕ್ಕೂ ಬೇಸರವಾಯಿತು. ಆದರೆ ಇನ್ನೊಂದು ದಾರಿ ಇದೆ. ಎರಡನೇ ಮತ್ತು ಮೂರನೇ ರೈಫಲ್ ಸೀಸನ್‌ಗೆ ಹಲವು ಯೂನಿಟ್‌ಗಳಲ್ಲಿ ಗಂಡು ಎಲ್ಕ್ ಲೈಸೆನ್ಸ್ ಡ್ರಾ ಇಲ್ಲದೆ ನೇರವಾಗಿ ಸಿಗುತ್ತದೆ. ಇದಕ್ಕೆ ಓವರ್ ದಿ ಕೌಂಟರ್ ಅನ್ನುತ್ತಾರೆ. ಆಗಸ್ಟ್ ಆರಂಭದಲ್ಲಿ ಮಾರಾಟ ಶುರು. ನಾನು ಎರಡನೇ ಸೀಸನ್ ಆರಿಸಿಕೊಂಡೆ. ಅಕ್ಟೋಬರ್ ಕೊನೆಯಲ್ಲಿ ಶುರುವಾಗಿ 9 ದಿನ. ಜಾಗ ಫ್ಲ್ಯಾಟ್ ಟಾಪ್ಸ್ ಬೆಟ್ಟಗಳ ಅಂಚು, ವೈಟ್ ರಿವರ್ ನ್ಯಾಷನಲ್ ಫಾರೆಸ್ಟ್ ಒಳಗೆ. ಡೆನ್ವರ್‌ನಿಂದ ಮೀಕರ್ ಪಟ್ಟಣಕ್ಕೆ ನಾಲ್ಕು ಗಂಟೆಯ ದಾರಿ, ಅಲ್ಲಿಂದ ಮಣ್ಣಿನ ರಸ್ತೆ. ಡ್ರಾ ಇಲ್ಲದ ಕಡೆ ಜನ ಜಾಸ್ತಿ. ಎಲ್ಕ್‌ಗಳೂ ಅದನ್ನು ಬಲ್ಲವು. ಮೊದಲ ದಿನದ ಸದ್ದಿಗೇ ರಸ್ತೆಯಿಂದ ದೂರ, ಕಡಿದಾದ ಕಡೆ ಸರಿದುಬಿಡುತ್ತವೆ.

ಇದರ ಮಧ್ಯೆ ರೈಫಲ್ ಕೊಳ್ಳುವ ಕಥೆ. ಏಪ್ರಿಲ್‌ನಲ್ಲಿ ಮೊದಲ ಅಂಗಡಿಗೆ ಹೋದೆ. ವೀಸಾ ಅಂದ ಕೂಡಲೇ ಕೌಂಟರ್‌ನವರು ಆಗಲ್ಲ ಅಂದುಬಿಟ್ಟರು. ಲೈಸೆನ್ಸ್ ತೋರಿಸಿದರೂ ಕೇಳಲಿಲ್ಲ. ಸುತ್ತ ನಿಂತವರೆಲ್ಲ ನನ್ನನ್ನೇ ನೋಡುತ್ತಿದ್ದರು. ಏನೋ ತಪ್ಪು ಮಾಡಿದವನ ಹಾಗೆ ಹೊರಗೆ ಬಂದೆ. ಎರಡನೇ ಅಂಗಡಿಯವರಿಗೆ ನಿಯಮ ಗೊತ್ತಿತ್ತು. ಅವರು ಬಂದೂಕು ಕೊಳ್ಳುವವರು ತುಂಬಬೇಕಾದ ಫೆಡರಲ್ ಫಾರ್ಮ್ 4473 ಕೊಟ್ಟರು. ಅದರಲ್ಲೇ ನಾನ್‌ಇಮಿಗ್ರಂಟ್ ವೀಸಾದಲ್ಲಿ ಬಂದವರಾ, ವಿನಾಯಿತಿ ಇದೆಯಾ ಅಂತ ಪ್ರಶ್ನೆಗಳಿವೆ. ದೇಶದೊಳಗೆ ಬಂದ ದಾಖಲೆಯಾದ ಐ-94ರ ನಂಬರ್ ಬೇಕು. ಬೇಟೆ ಲೈಸೆನ್ಸಿನ ಪ್ರತಿ ಬೇಕು. ಈಗಿನ ಮನೆ ವಿಳಾಸ ಇರುವ ಸರ್ಕಾರಿ ಗುರುತಿನ ಚೀಟಿ ಬೇಕು. ನನ್ನ ಡ್ರೈವಿಂಗ್ ಲೈಸೆನ್ಸಿನಲ್ಲಿ ಹಳೇ ಅಪಾರ್ಟ್‌ಮೆಂಟಿನ ವಿಳಾಸ ಇತ್ತು. ಅವತ್ತೂ ಬರಿಗೈಯಲ್ಲಿ ವಾಪಸ್. ಹೊಸ ಕಾರ್ಡ್ ಅಂಚೆಯಲ್ಲಿ ಬರಲು ಮೂರು ವಾರ. ಬೇರೇನೂ ಮಾಡದಿದ್ದರೂ ಮೊದಲು ವಿಳಾಸ ಸರಿ ಮಾಡಿಸಿಕೊಳ್ಳಿ. ಮೂರನೇ ಸಲ ಎಲ್ಲ ಸರಿಹೋಯಿತು. ಕೊಲೊರಾಡೊದಲ್ಲಿ 2023ರ ಅಕ್ಟೋಬರ್‌ನಿಂದ ಮೂರು ದಿನ ಕಾಯುವ ನಿಯಮ ಇದೆ. ನನ್ನ ಹಿನ್ನೆಲೆ ತನಿಖೆಗೇ ಆರು ದಿನ ಹಿಡಿಯಿತು.

ಕೊಂಡದ್ದು .308 ಬೋಲ್ಟ್ ಆ್ಯಕ್ಷನ್ ರೈಫಲ್, ಸ್ಕೋಪ್ ಸೇರಿ 900 ಡಾಲರ್. ಎಲ್ಕ್‌ಗೆ ನಳಿಕೆಯ ಅಳತೆ ಕನಿಷ್ಠ .24 ಕ್ಯಾಲಿಬರ್, ಗುಂಡಿನ ತೂಕ ಕನಿಷ್ಠ 85 ಗ್ರೇನ್ ಇರಬೇಕು. ಸೀಸದ ಚೂರು ಮಾಂಸದಲ್ಲಿ ಸೇರಬಾರದು ಅಂತ ನಾನು ತಾಮ್ರದ ಗುಂಡು ಆರಿಸಿದೆ. ಬೆಲೆ ಜಾಸ್ತಿ. ಮಗಳೂ ತಿನ್ನುವ ಮಾಂಸ, ಅದಕ್ಕೇ ಹಿಂದೆಮುಂದೆ ನೋಡಲಿಲ್ಲ.

ರೈಫಲ್ ಮನೆಗೆ ತರುವ ಮೊದಲೇ ಅದನ್ನಿಡಲು ಬೀಗದ ಕಪಾಟು ತಂದೆ, 180 ಡಾಲರ್. ಇದೂ ವೀಸಾದವರ ಗಮನಕ್ಕೆ. ನನ್ನ ಹೆಂಡತಿ ಎಚ್-4ರಲ್ಲಿ, ಅಂದರೆ ಎಚ್-1ಬಿಯವರ ಕುಟುಂಬಕ್ಕೆ ಕೊಡುವ ವೀಸಾದಲ್ಲಿದ್ದಾಳೆ, ಅವಳ ಹತ್ತಿರ ಬೇಟೆ ಲೈಸೆನ್ಸ್ ಇಲ್ಲ. ಅಂದರೆ ಅವಳ ಕೈಗೆ ರೈಫಲ್ ಸಿಗುವ ಹಾಗಿರಬಾರದು. ಮಕ್ಕಳಿರುವ, ಅಥವಾ ಬಂದೂಕು ಇಟ್ಟುಕೊಳ್ಳಲು ಅರ್ಹತೆ ಇಲ್ಲದವರಿರುವ ಮನೆಯಲ್ಲಿ ಭದ್ರವಾಗಿ ಬೀಗ ಹಾಕಿಡಬೇಕು ಅಂತ 2021ರಿಂದ ರಾಜ್ಯದ ಕಾನೂನೂ ಇದೆ. ಕಪಾಟಿನ ಕೋಡ್ ನನಗೊಬ್ಬನಿಗೇ ಗೊತ್ತು.

ಮೇ ತಿಂಗಳಿಂದ ಅಕ್ಟೋಬರ್ ತನಕ ತಿಂಗಳಿಗೆ ಎರಡು ಸಲ ರೇಂಜ್. ಮೇಜಿನ ಮೇಲೆ ಇಟ್ಟು ಹೊಡೆಯುವಾಗ 200 ಗಜದಲ್ಲಿ ಗುಂಡುಗಳು ಒಂದು ಅಂಗೈ ಅಗಲದಲ್ಲಿ ಕೂರುತ್ತಿದ್ದವು. ಓಡಿಬಂದು, ಏದುಸಿರಲ್ಲಿ, ಬ್ಯಾಗಿನ ಮೇಲೆ ಇಟ್ಟು ಹೊಡೆದಾಗ ಹಾಗಾಗಲಿಲ್ಲ. ಅವತ್ತೇ ತೀರ್ಮಾನಿಸಿದೆ, 200 ಗಜದಾಚೆ ಏನೇ ಕಂಡರೂ ಹೊಡೆಯುವುದಿಲ್ಲ. ವಾರಕ್ಕೆ ಮೂರು ದಿನ 45 ಪೌಂಡ್ ಹೊತ್ತು ಮೆಟ್ಟಿಲು ಹತ್ತಿದೆ. ಬೂಟು ಜೂನ್‌ನಲ್ಲೇ ಕೊಂಡು ಪಳಗಿಸಿದೆ. ಇದಕ್ಕಿಂತ ತಡ ಮಾಡಿದರೆ ಕಾಲಿನ ಬೊಬ್ಬೆಯೇ ನಿಮ್ಮ ಬೇಟೆಯನ್ನು ಮುಗಿಸುತ್ತದೆ.

ಜೊತೆಗೆ ಬರಲು ಒಪ್ಪಿದವನು ನನ್ನ ಆಫೀಸಿನ ಗೆಳೆಯ. ಅವನದು ಇದು ಎರಡನೇ ವರ್ಷವಷ್ಟೇ. ಜುಲೈನಲ್ಲಿ ಇಬ್ಬರೂ ಹೋಗಿ ಜಾಗ ನೋಡಿ ಬಂದೆವು. ನಕ್ಷೆಯಲ್ಲಿ ಒಂದು ಮೈಲಿ ಅಂತ ಕಂಡಿದ್ದು ನೆಲದ ಮೇಲೆ ಎರಡೂವರೆ ಗಂಟೆ ಹಿಡಿಯಿತು. ಒಣಗಿ ಬಿದ್ದ ಸ್ಪ್ರೂಸ್ ಮರಗಳು ಒಂದರ ಮೇಲೊಂದು. ಈ ಬೆಟ್ಟಗಳಲ್ಲಿ 1940ರ ದಶಕದಲ್ಲೇ ಸ್ಪ್ರೂಸ್ ದುಂಬಿ ಕಾಡಿಗೆ ಕಾಡನ್ನೇ ಕೊಂದಿತ್ತಂತೆ. ಒಂದೊಂದು ಮರವನ್ನೂ ಕಾಲೆತ್ತಿ ದಾಟಬೇಕು. ಮೇಲಿನ ಬಯಲು 10,000 ಅಡಿಯಿಂದ ಶುರು. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದೆ. ಆ ಪ್ರವಾಸ ಆಗದಿದ್ದರೆ ನಮ್ಮ ಯೋಜನೆ ಪೂರ್ತಿ ಕಾಗದದ ಮೇಲೆಯೇ ಇರುತ್ತಿತ್ತು. ನಕ್ಷೆಯನ್ನು ನೋಡಿ ಗುರುತು ಹಾಕಿದ್ದ ಏಳು ಜಾಗಗಳಲ್ಲಿ ಐದನ್ನು ಅಲ್ಲೇ ಅಳಿಸಿದೆವು.

ಖಾಸಗಿ ಜಮೀನಿನ ಬಗ್ಗೆ ಎಚ್ಚರ. ಕೊಲೊರಾಡೊದಲ್ಲಿ ಜಮೀನಿನ ಮಾಲೀಕ ಫಲಕ ಹಾಕಲೇಬೇಕು ಅಂತಿಲ್ಲ. ಗಡಿ ಎಲ್ಲಿದೆ ಅಂತ ತಿಳಿದಿರುವುದು ಬೇಟೆಗಾರನ ಹೊಣೆ. ಫೋನ್‌ನಲ್ಲಿ ಜಮೀನಿನ ಗಡಿ ತೋರಿಸುವ ಆನ್‌ಎಕ್ಸ್ ಆ್ಯಪ್‌ನ ನಕ್ಷೆಯನ್ನು ನೆಟ್‌ವರ್ಕ್ ಇರುವಾಗಲೇ ಇಳಿಸಿಕೊಳ್ಳಿ. ಯಾವ ರಸ್ತೆಯಲ್ಲಿ ಗಾಡಿ ಓಡಿಸಬಹುದು ಅಂತ ಫಾರೆಸ್ಟ್ ಸರ್ವಿಸ್ ಪುಕ್ಕಟೆ ನಕ್ಷೆ ಕೊಡುತ್ತದೆ. ಅದನ್ನೂ ಇಟ್ಟುಕೊಳ್ಳಿ.

ಈಗ ಪಕ್ಕದ ಮನೆಯವರ ಪ್ರಶ್ನೆಗೆ ಬರುತ್ತೇನೆ. ಉತ್ತರ ಸಿಕ್ಕಿತು ಅಂದುಕೊಂಡಿದ್ದೆವು. 150 ಡಾಲರ್ ಕೊಟ್ಟು ಎರಡು ಚಕ್ರದ ಗೇಮ್ ಕಾರ್ಟ್ ತಂದಿದ್ದೆವು. ಮಾಂಸ ಅದರ ಮೇಲೆ ಹೇರಿ ಎಳೆದು ತರುವುದು ಅಂತ ಲೆಕ್ಕ. ಅಕ್ಟೋಬರ್ ಎರಡನೇ ವಾರ ರೇಂಜರ್ ಕಚೇರಿಗೆ ರಸ್ತೆ ಹೇಗಿದೆ ಅಂತ ಕೇಳಲು ಫೋನ್ ಮಾಡಿದೆ. ಮಾತಿನ ಮಧ್ಯೆ ಕಾರ್ಟ್ ವಿಷಯ ಬಂತು. ಆ ಕಡೆಯ ಹೆಣ್ಣುಮಗಳು ಶಾಂತವಾಗಿ ಹೇಳಿದರು: ನೀವು ಹೇಳುತ್ತಿರುವ ಜಾಗ ಫ್ಲ್ಯಾಟ್ ಟಾಪ್ಸ್ ವಿಲ್ಡರ್‌ನೆಸ್, ಅಂದರೆ ಕಾಡಾಗಿಯೇ ಉಳಿಸಲು ಕಾನೂನು ಕಾಪಾಡಿದ ಪ್ರದೇಶದ, ಒಳಗೆ ಬರುತ್ತದೆ. ವಿಲ್ಡರ್‌ನೆಸ್‌ನಲ್ಲಿ ಚಕ್ರ ಇರುವ ಯಾವುದಕ್ಕೂ ಅವಕಾಶ ಇಲ್ಲ, ಕಾರ್ಟ್‌ಗೂ ಇಲ್ಲ.

ಈ ವಿಲ್ಡರ್‌ನೆಸ್ 1975ರಲ್ಲಿ ಘೋಷಣೆಯಾದದ್ದು, 2,35,000 ಎಕರೆ. ಅದರ ಮೂಲ ಇನ್ನೂ ಹಳೆಯದು. 1919ರಲ್ಲಿ ಆರ್ಥರ್ ಕಾರ್‌ಹಾರ್ಟ್ ಅನ್ನುವವರನ್ನು ಫಾರೆಸ್ಟ್ ಸರ್ವಿಸ್ ಇಲ್ಲಿನ ಟ್ರ್ಯಾಪರ್ಸ್ ಲೇಕ್ ದಂಡೆಯಲ್ಲಿ ಮನೆ ನಿವೇಶನ ಗುರುತಿಸಲು ಕಳಿಸಿತ್ತು. ಅವರು ನೋಡಿ ಬಂದು, ಇಲ್ಲಿ ಏನನ್ನೂ ಕಟ್ಟಬಾರದು ಅಂದರು. ಆ ಕೆರೆಯ ದಂಡೆ ಇವತ್ತಿಗೂ ಹಾಗೇ ಇದೆ. ಜುಲೈನಲ್ಲಿ ಅದನ್ನು ಕಣ್ಣಾರೆ ನೋಡಿದ್ದ ನನಗೆ ಚಕ್ರದ ನಿಯಮದ ಮೇಲೆ ಸಿಟ್ಟು ಬರಲಿಲ್ಲ. ಭಯ ಮಾತ್ರ ಬಂತು. ಸೀಸನ್‌ಗೆ ಎರಡೇ ವಾರ ಉಳಿದಿತ್ತು.

ಕುದುರೆ ಮೇಲೆ ಮಾಂಸ ಹೊತ್ತು ತರುವ ಪ್ಯಾಕರ್‌ಗಳು ಇರುತ್ತಾರೆ. ನಾಲ್ಕು ಜನಕ್ಕೆ ಫೋನ್ ಮಾಡಿದೆ. ಮೂವರಿಗೆ ಬಿಡುವಿಲ್ಲ. ನಾಲ್ಕನೆಯವರು, ಮುಂದಿನ ವರ್ಷಕ್ಕಾದರೆ ವಸಂತಕಾಲದಲ್ಲೇ ಫೋನ್ ಮಾಡಿ ಅಂದರು. ಅಂದು ರಾತ್ರಿ ಗೆಳೆಯನೂ ನಾನೂ ಊಟದ ಮೇಜಿನ ಮೇಲೆ ನಕ್ಷೆ ಹರಡಿ ಕೂತು ಲೆಕ್ಕ ಹಾಕಿದೆವು. ಎಲುಬು ಸಮೇತ ಹಿಂದೊಡೆ ಒಂದೊಂದು 60 ಪೌಂಡ್. ಮುಂಗಾಲು ಅದಕ್ಕಿಂತ ಕಡಿಮೆ. ಬೆನ್ನು, ಕುತ್ತಿಗೆಯ ಮಾಂಸ, ತಲೆ ಬೇರೆ. ಇಬ್ಬರಿಗೆ ತಲಾ ಮೂರು ಸರದಿ. ಮಾಂಸ ಕೆಡುವುದರೊಳಗೆ ನಾವು ಹೊತ್ತು ಮುಗಿಸಬಹುದಾದ ದೂರ ಎಷ್ಟು? ಎರಡೂವರೆ ಮೈಲಿ, ಅದೂ ಇಳಿಜಾರಿನಲ್ಲಿ. ಪೆನ್ಸಿಲ್‌ನಿಂದ ಗಾಡಿ ನಿಲ್ಲಿಸುವ ಜಾಗದ ಸುತ್ತ ಅಷ್ಟೇ ಒಂದು ಗೆರೆ ಎಳೆದೆವು. ಗೆರೆಯಾಚೆ ಎಂಥ ಪ್ರಾಣಿ ಕಂಡರೂ ಹೊಡೆಯುವುದಿಲ್ಲ. ಹೊಸದಾಗಿ ಬೇಟೆಗೆ ಹೊರಟವರು ಬೇರೇನು ಬಿಟ್ಟರೂ ಈ ಗೆರೆ ಎಳೆಯುವುದನ್ನು ಬಿಡಬೇಡಿ. ಸೀಸನ್‌ಗೆ ಎರಡು ವಾರ ಇದ್ದಾಗಲ್ಲ, ಯೂನಿಟ್ ಆರಿಸುವಾಗಲೇ ಎಳೆಯಿರಿ.

ಹೊರಡುವ ಹಿಂದಿನ ದಿನ ಹೆಂಡತಿ ಒಂದು ಕಾಗದ ಕೈಗಿಟ್ಟಳು. "ನೋಡ್ರೀ, ಎಲ್ಲಿ ಗಾಡಿ ನಿಲ್ಲಿಸ್ತೀರಿ, ಯಾವ ಕಡೆ ಹೋಗ್ತೀರಿ, ಎಷ್ಟು ಹೊತ್ತು ಸುದ್ದಿ ಇಲ್ಲ ಅಂದ್ರೆ ನಾನು ಯಾರಿಗೆ ಫೋನ್ ಮಾಡಬೇಕು, ಎಲ್ಲ ಬರೆದಿಟ್ಟು ಹೋಗಿ" ಅಂದಳು. ಬರೆದೆ. ಬರೆಯುವಾಗ ಕೈ ಸ್ವಲ್ಪ ನಡುಗಿತು. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನಕ್ಕೆ ಚಂದಾ ಸೇರಿ 350 ಡಾಲರ್ ಕೊಟ್ಟಿದ್ದೆ. ಕಣಿವೆಯಲ್ಲಿ ಫೋನ್ ಸಿಗ್ನಲ್ ಇರುವುದಿಲ್ಲ. ದಿನಾ ರಾತ್ರಿ 8ಕ್ಕೆ ಒಂದು ಸಂದೇಶ ಅಂತ ಮಾತಾಯಿತು.

ಸೀಸನ್‌ಗೆ ಎರಡು ದಿನ ಮೊದಲೇ ಹೋಗಿ ಡೇರೆ ಹಾಕಿದೆವು. ಆ ಎರಡು ದಿನ ಎತ್ತರಕ್ಕೆ ದೇಹ ಹೊಂದಿಕೊಳ್ಳಲು ಬೇಕು. ಮೊದಲ ರಾತ್ರಿ ನನಗೆ ತಲೆನೋವು, ನಿದ್ದೆ ಇಲ್ಲ. ಎರಡನೇ ದಿನ ಸರಿಹೋಯಿತು. ಬೆಳಗ್ಗೆ ನೀರಿನ ಬಾಟಲಿ ಗಟ್ಟಿಯಾಗಿರುತ್ತಿತ್ತು. ರಾತ್ರಿ ಅದನ್ನು ಮಲಗುವ ಚೀಲದೊಳಗೆ ಇಟ್ಟುಕೊಳ್ಳಿ. ಬೇಟೆ ಹೊತ್ತಲ್ಲಿ ಸೊಂಟದ ಮೇಲೆ ಕನಿಷ್ಠ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಬಟ್ಟೆ ಇರಬೇಕು, ತಲೆಯ ಮೇಲೂ ಇರಬೇಕು. ಬ್ಯಾಗ್ ಹಾಕಿದಾಗ ಬೆನ್ನ ಬಣ್ಣ ಮುಚ್ಚಿಹೋಗುತ್ತದೆ. ಬ್ಯಾಗಿನ ಮೇಲೂ ಒಂದು ಕಿತ್ತಳೆ ಹೊದಿಕೆ ಹಾಕಿದೆವು.

ಮೊದಲ ದಿನ ಗೆರೆಯೊಳಗೆ ಒಂದೂ ಎಲ್ಕ್ ಇಲ್ಲ. ಕಿತ್ತಳೆ ಬಟ್ಟೆಗಳಷ್ಟೇ ಕಂಡವು. ಎರಡನೇ ದಿನ ಬೆಳಗಿನ ಜಾವ ಮಂಜಿನಲ್ಲಿ ಒಂದು ಗಂಡು, 150 ಗಜ. ಬಹುಪಾಲು ಯೂನಿಟ್‌ಗಳಲ್ಲಿ ಗಂಡಿನ ಒಂದು ಕೊಂಬಿನಲ್ಲಿ ಕನಿಷ್ಠ ನಾಲ್ಕು ಕವಲು ಇರಬೇಕು, ಇಲ್ಲವೇ ಹುಬ್ಬಿನ ಹತ್ತಿರದ ಕವಲು 5 ಇಂಚು ಉದ್ದ ಇರಬೇಕು. ಬೈನಾಕ್ಯುಲರ್‌ನಲ್ಲಿ ಮೂರು ಎಣಿಸಿದೆ. ನಾಲ್ಕನೆಯದು ಕೊಂಬೋ, ಹಿಂದಿನ ಮರದ ರೆಂಬೆಯೋ ಗೊತ್ತಾಗಲಿಲ್ಲ. ಎದೆ ಡಬಡಬ ಬಡಿಯುತ್ತಿತ್ತು. ಬೆರಳು ಬಂದೂಕಿನ ಸೇಫ್ಟಿ ಲಾಕ್‌ನಿಂದ ಕದಲಲಿಲ್ಲ. ಅದು ನಡೆದು ಹೋಯಿತು. ಹತ್ತು ತಿಂಗಳ ಕಷ್ಟ ಕಣ್ಣ ಮುಂದೆ ಕಾಡಿಗೆ ಸೇರಿಹೋದ ಹಾಗೆ ಅನ್ನಿಸಿತು. ಆದರೂ ಅದು ಸರಿಯಾದ ತೀರ್ಮಾನ ಅಂತ ಆಗಲೂ ಗೊತ್ತಿತ್ತು, ಈಗಲೂ ಗೊತ್ತು.

ಮೂರನೇ ದಿನ ಏನಿಲ್ಲ. ನಾಲ್ಕನೇ ದಿನ ಮಧ್ಯಾಹ್ನ ಹಿಮ ಶುರುವಾಗಿ ರಾತ್ರಿಯಿಡೀ ಸುರಿಯಿತು. ಗಾಡಿಗೆ ಸರಪಳಿ ತಂದಿದ್ದು ಎಷ್ಟು ಒಳ್ಳೆಯದಾಯಿತು ಅಂದರೆ, ಪಕ್ಕದ ಬಿಡಾರದವರು ಅದಿಲ್ಲದೆ ಎರಡು ದಿನ ಅಲ್ಲೇ ಸಿಕ್ಕಿಕೊಂಡರು.

ಐದನೇ ದಿನ ಸಂಜೆ 5:20. ಮೇಲಿನಿಂದ ಹಿಮಕ್ಕೆ ಇಳಿದು ಬಂದ ಹಿಂಡು ಆಸ್ಪೆನ್ ಮರಗಳ ಅಂಚಿಗೆ ಬಂತು. ಹಿಂದೆ ಒಂದು ಗಂಡು, ಎರಡೂ ಕಡೆ ಐದೈದು ಕವಲು. ಈ ಸಲ ಎರಡು ಬಾರಿ ಎಣಿಸಿದೆ. 180 ಗಜ. ಗೆರೆಯೊಳಗೆ. ಹೆಣ್ಣುಗಳು ಮುಂದೆ ಸರಿದು ಅದು ಒಂಟಿಯಾಗಿ ಅಡ್ಡ ನಿಲ್ಲುವ ತನಕ ಕಾದೆ. ಒಂದೇ ಗುಂಡು. ಇಪ್ಪತ್ತು ಹೆಜ್ಜೆ ಹೋಗಿ ಬಿದ್ದಿತು.

ಹತ್ತಿರ ಹೋದಾಗ ಅದರ ಮೈಯಿಂದ ಇನ್ನೂ ಬಿಸಿ ಏಳುತ್ತಿತ್ತು. ಕಣ್ರೆಪ್ಪೆ ಮೇಲೆ ಹಿಮ ಬಿದ್ದು ಕರಗುತ್ತಿತ್ತು. ನಾನು ಕೈಗವಸು ತೆಗೆದು ಕುತ್ತಿಗೆಯ ಮೇಲೆ ಕೈಯಿಟ್ಟು ಕೂತೆ. ಅಳು ಬಂತು. ಸಂತೋಷವೂ ಅಲ್ಲ, ಪಶ್ಚಾತ್ತಾಪವೂ ಅಲ್ಲ. ಗೆಳೆಯ ಏನೂ ಮಾತಾಡದೆ ಸ್ವಲ್ಪ ದೂರ ನಿಂತಿದ್ದ.

ಆಮೇಲೆ ಕೆಲಸ. ಮೊದಲು ಲೈಸೆನ್ಸ್ ಜೊತೆ ಬರುವ ಟ್ಯಾಗಿನ ಮೇಲೆ ದಿನಾಂಕ, ಸಹಿ. ಇದನ್ನು ಮರೆತರೆ ಉಳಿದದ್ದೆಲ್ಲ ವ್ಯರ್ಥ. ಗಂಡು ಅನ್ನುವ ಗುರುತು ಒಂದು ತುಂಡಿಗೆ ಸಹಜವಾಗಿ ಅಂಟಿಕೊಂಡೇ ಇರಬೇಕು, ಅದನ್ನು ಹಿಂದೊಡೆಯಲ್ಲಿ ಉಳಿಸಿಕೊಂಡೆವು. ನಾಲ್ಕು ಕಾಲು, ಬೆನ್ನಿನ ಮಾಂಸ, ಒಳಬೆನ್ನಿನ ಮಾಂಸ ಇಷ್ಟನ್ನಾದರೂ ತರಲೇಬೇಕು ಅಂತ ಕಾನೂನು. ಬಿಟ್ಟು ಬರುವುದು ಅಪರಾಧ. ತಲೆದೀಪದ ಬೆಳಕಲ್ಲಿ ಚರ್ಮ ಸುಲಿದು ಭಾಗ ಮಾಡಲು ನಮಗೆ ಮೂರೂವರೆ ಗಂಟೆ ಬೇಕಾಯಿತು. ಚಾಕುವಿಗೆ ಬದಲಿ ಅಲಗುಗಳು ಕಡಿಮೆ ಬಿದ್ದವು, ನೀವು ಎರಡರಷ್ಟು ಒಯ್ಯಿರಿ. ಬಟ್ಟೆಯ ಗೇಮ್ ಬ್ಯಾಗಿನಲ್ಲಿ ತುಂಬಿ, ಕರುಳು ಬಿಟ್ಟ ಜಾಗದಿಂದ ನೂರು ಗಜ ದೂರ, ಮರಕ್ಕೆ ಕಟ್ಟಿದೆವು. ಕರಡಿ ಬಂದರೆ ಮೊದಲು ಅಲ್ಲಿಗೇ ಹೋಗಲಿ ಅಂತ. ಈ ಕೆಲಸದ ಮಧ್ಯೆಯೇ 8 ಗಂಟೆಗೆ ಕೈ ಒರೆಸಿಕೊಂಡು ಹೆಂಡತಿಗೆ ಸಂದೇಶ ಕಳಿಸಿದೆ. ಆ ರಾತ್ರಿಯೇ ಬೆನ್ನು, ಕುತ್ತಿಗೆಯ ಮಾಂಸ ನನ್ನ ಬ್ಯಾಗಿನಲ್ಲಿ, ಒಂದು ಮುಂಗಾಲು ಅವನ ಬ್ಯಾಗಿನಲ್ಲಿ. ಗಾಡಿ ಮುಟ್ಟಿದಾಗ ರಾತ್ರಿ ಒಂದೂವರೆ.

ಮರುದಿನ ಎರಡು ಸರದಿ. ಮೊದಲು ತಲಾ ಒಂದು ಹಿಂದೊಡೆ. ಹಿಮ ಮುಚ್ಚಿದ ಬಿದ್ದ ಮರಗಳ ಮೇಲೆ 60 ಪೌಂಡ್ ಹೊತ್ತು ಕಾಲಿಡುವಾಗ ಒಂದೊಂದು ಹೆಜ್ಜೆಯನ್ನೂ ಯೋಚಿಸಿ ಇಡಬೇಕಿತ್ತು. ಎರಡು ಸಲ ಬಿದ್ದೆ. ಉಗುರು ಕಪ್ಪಾದದ್ದು ಆಗಲೇ. ಎರಡನೇ ಸರದಿಯಲ್ಲಿ ಉಳಿದ ಮುಂಗಾಲು, ತಲೆ. ಮುಗಿದಾಗ ಸಂಜೆ ಐದು. ನಮ್ಮ ಗೆರೆ ಇನ್ನೊಂದು ಮೈಲಿ ದೂರಕ್ಕೆ ಇದ್ದಿದ್ದರೆ ಮಾಂಸ ಪೂರ್ತಿ ತರಲು ನಮ್ಮಿಂದ ಆಗುತ್ತಿರಲಿಲ್ಲ.

ತಲೆ ಹೊತ್ತು ತಂದದ್ದು ಗೋಡೆಗೆ ನೇತುಹಾಕಲು ಅಲ್ಲ. ಇಲ್ಲಿ ಎಲ್ಕ್, ಜಿಂಕೆಗಳಿಗೆ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಅನ್ನುವ ಮೆದುಳಿನ ಕಾಯಿಲೆ ಬರುತ್ತದೆ. ಕೆಲವು ಯೂನಿಟ್‌ಗಳಲ್ಲಿ ಪರೀಕ್ಷೆ ಕಡ್ಡಾಯ, ಯಾವುವು ಅನ್ನುವುದು ವರ್ಷ ವರ್ಷ ಬದಲಾಗುತ್ತದೆ. ಕಾಯಿಲೆ ಇರುವ ಪ್ರಾಣಿಯ ಮಾಂಸ ತಿನ್ನಬೇಡಿ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ಹೇಳುತ್ತದೆ. ನಮ್ಮಲ್ಲಿ ಕಡ್ಡಾಯ ಇರಲಿಲ್ಲ, ಆದರೂ ಕೊಟ್ಟೆವು. ವಾಪಸ್ ಬರುವ ದಾರಿಯಲ್ಲಿ ಸಿಪಿಡಬ್ಲ್ಯು ಕಚೇರಿಯಲ್ಲಿ ತಲೆ ಕೊಟ್ಟು ನಂಬರ್ ಪಡೆದೆವು.

ಮಾಂಸ ಕಡಿಯುವವರ ಬಳಿ ಎರಡು ವಾರದ ಸರದಿ ಇತ್ತು. ಮನೆಯ ಗ್ಯಾರೇಜಿನಲ್ಲೇ ಎರಡು ದಿನ ಕೂತು ನಾವೇ ಬಿಡಿಸಿದೆವು. ಎಲುಬು ತೆಗೆದು 180 ಪೌಂಡ್, ಇಬ್ಬರಿಗೂ ಅರ್ಧರ್ಧ. ಹೊಸ ಫ್ರೀಜರ್ 260 ಡಾಲರ್. ಅದನ್ನು ಬೇಟೆಗೆ ಮೊದಲೇ ತಂದು ತಣ್ಣಗೆ ಮಾಡಿಟ್ಟಿದ್ದು ಒಳ್ಳೆಯದಾಯಿತು. ರೈಫಲ್, ಕಪಾಟು, ಗುಂಡು, ಬೂಟು, ಬ್ಯಾಗ್, ಬೈನಾಕ್ಯುಲರ್, ಫ್ರೀಜರ್, ಪೆಟ್ರೋಲ್ ಎಲ್ಲ ಸೇರಿಸಿ ನನ್ನ ಖರ್ಚು ಸುಮಾರು 3,400 ಡಾಲರ್. ಮುಂದಿನ ವರ್ಷ ಇದರ ಕಾಲು ಭಾಗವೂ ಬೀಳುವುದಿಲ್ಲ. ಆದರೆ ಮೊದಲ ವರ್ಷ ಅಂಗಡಿ ಮಾಂಸಕ್ಕಿಂತ ಅಗ್ಗ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕಾರ್ಟ್ ಅನ್ನು ಅಂಗಡಿಯವರು ವಾಪಸ್ ತೆಗೆದುಕೊಂಡರು.

ಪರೀಕ್ಷೆಯ ಫಲಿತಾಂಶ ಬರಲು ಹದಿನಾರು ದಿನ. ಅಷ್ಟೂ ದಿನ ಫ್ರೀಜರ್ ಬಾಗಿಲಿಗೆ ಅಡ್ಡಲಾಗಿ ನೀಲಿ ಟೇಪ್ ಅಂಟಿಸಿ "ತೆಗೆಯಬೇಡಿ" ಅಂತ ಬರೆದಿದ್ದೆ. ಮಗಳು ದಿನಾ ಸಂಜೆ ಬಂದು, "ಅಪ್ಪಾ, ಇಮೇಲ್ ಬಂತಾ?" ಅಂತ ಕೇಳುತ್ತಿದ್ದಳು. ನಿನ್ನೆ ಬಂತು. ಕಾಯಿಲೆ ಪತ್ತೆಯಾಗಿಲ್ಲ. ಟೇಪ್ ಅವಳೇ ಕಿತ್ತಳು.